ಅಮ್ಮನ ಆದಾಯ ತೆರಿಗೆ ರೀಫಂಡ್ ಫೇಲ್ ಆಗಿದೆ, ಪಾಸ್‌ಬುಕ್ ಹೆಸರು ಪ್ಯಾನ್‌ಗೆ ಹೊಂದುತ್ತಿಲ್ಲ. ಏನು ಮಾಡಬೇಕು?

ಮಾದಾಪುರದ ಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮನ ಪರವಾಗಿ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಅಮ್ಮನಿಗೆ 72 ವರ್ಷ. ಮಾದಾಪುರದ ಹತ್ತಿರ ಮನೆ. ಎರಡು ಎಕರೆ ಕಾಫಿ, ಅದರೊಳಗೆ ಸಿಲ್ವರ್ ಮರಗಳಿಗೆ ಹಬ್ಬಿಸಿದ ಕರಿಮೆಣಸು. ಅಪ್ಪ ಸರ್ಕಾರಿ ಕೆಲಸದಲ್ಲಿದ್ದರು. ಅವರು ಹೋದ ಮೇಲೆ ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತಿದೆ. ಅಪ್ಪನ ನಿವೃತ್ತಿ ಹಣ ಎಫ್‌ಡಿಯಲ್ಲಿದೆ. 2023-24ರಲ್ಲಿ ಅದಕ್ಕೆ 2,46,000 ರೂಪಾಯಿ ಬಡ್ಡಿ ಬಂತು. ಅಮ್ಮ ಏಪ್ರಿಲ್‌ನಲ್ಲೇ ಬಡ್ಡಿಯಲ್ಲಿ ತೆರಿಗೆ ಮುರಿಯಬೇಡಿ ಎಂದು ಹಿರಿಯ ನಾಗರಿಕರು ಕೊಡುವ 15ಎಚ್ ಫಾರಂ ಕೊಟ್ಟಿದ್ದರು. ಆದರೂ ಬ್ಯಾಂಕಿನವರು ಶೇಕಡ 10ರ ಲೆಕ್ಕದಲ್ಲಿ 24,600 ರೂಪಾಯಿ ತೆರಿಗೆ (ಟಿಡಿಎಸ್) ಮುರಿದರು. ಕೇಳಿದರೆ ಫಾರಂ ಸಿಸ್ಟಮ್‌ಗೆ ಏರಿಸಿರಲಿಲ್ಲ, ಈಗ ಹಣ ಕಟ್ಟಿ ಆಗಿದೆ, ರಿಟರ್ನ್ ಹಾಕಿ ವಾಪಸ್ ತಗೊಳ್ಳಿ ಎಂದರು.

2024ರ ಜುಲೈನಲ್ಲಿ ರಿಟರ್ನ್ ಹಾಕಿದೆವು. ನಾನು ಕುಶಾಲನಗರದಲ್ಲಿ ಕಂಪ್ಯೂಟರ್ ಮುಂದೆ. ಅಮ್ಮನ ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ. ಜಡಿಮಳೆಯಲ್ಲಿ ಕೊಡೆ ಹಿಡಿದು ಎತ್ತರದ ಬಾಣೆ ಹತ್ತಿ, ಆಧಾರ್ ಒಟಿಪಿ ಬಂದ ಕೂಡಲೇ ಒಂದೊಂದೇ ಅಂಕಿ ಫೋನಿನಲ್ಲಿ ಓದಿ ಹೇಳಿದರು. ಅವತ್ತೇ ಇ-ವೆರಿಫೈ ಆಯಿತು.

ಈ ವರ್ಷ, 2025ರ ಫೆಬ್ರವರಿಯಲ್ಲಿ ತೆರಿಗೆ ಇಲಾಖೆಯ ಇಂಟಿಮೇಷನ್ (ರಿಟರ್ನ್ ನೋಡಿ ಕಳಿಸುವ ಸೂಚನೆ) ಬಂತು. 25,950 ರೂಪಾಯಿ ರೀಫಂಡ್ ಎಂದಿತ್ತು. ಹಣ ಮಾತ್ರ ಖಾತೆಗೆ ಬರಲಿಲ್ಲ. ಆದಾಯ ತೆರಿಗೆ ಪೋರ್ಟಲ್ ತೆರೆದು ನೋಡಿದರೆ ‘ರೀಫಂಡ್ ಫೇಲ್ಡ್’. ಅದೇ ಖಾತೆಯನ್ನು ಮತ್ತೆ ಸೇರಿಸಲು ನೋಡಿದೆ, ಹೆಸರು ಹೊಂದುತ್ತಿಲ್ಲ ಎಂದು ತಿರಸ್ಕಾರ ಆಯಿತು.

ಅದು ಅಮ್ಮ ಮದುವೆಗೆ ಮೊದಲು ತೆಗೆದ ಖಾತೆ. ಪಾಸ್‌ಬುಕ್‌ನಲ್ಲಿ ತವರಿನ ಮನೆಹೆಸರಿನ ಮೊದಲ ಅಕ್ಷರ, ತಾತನ ಹೆಸರಿನ ಮೊದಲ ಅಕ್ಷರ, ಆಮೇಲೆ ಅಮ್ಮನ ಹೆಸರು. ಪ್ಯಾನ್ ಮತ್ತು ಆಧಾರ್‌ನಲ್ಲಿ ನಮ್ಮ ಮನೆಹೆಸರು ಪೂರ್ತಿ ಇದೆ. ಕೊಡಗಿನಲ್ಲಿ ಎಷ್ಟೋ ಹೆಂಗಸರ ಕಾಗದಪತ್ರ ಹೀಗೇ ಇರುತ್ತದೆ. ಇಷ್ಟು ವರ್ಷ ಕಾಫಿ ದುಡ್ಡು, ಗೊಬ್ಬರದ ದುಡ್ಡು ಎಲ್ಲ ಅದರಲ್ಲೇ ನಡೆಯಿತು, ಯಾರೂ ಏನೂ ಕೇಳಲಿಲ್ಲ.

ಬ್ಯಾಂಕಿನಲ್ಲಿ ಹೆಸರು ಬದಲಿಸಿ ಎಂದರೆ ಅಮ್ಮನೇ ಬರಬೇಕಂತೆ, ಮದುವೆ ನೋಂದಣಿ ಪತ್ರ ಬೇಕಂತೆ. ಆ ಕಾಲದಲ್ಲಿ ಯಾರು ನೋಂದಣಿ ಮಾಡಿಸುತ್ತಿದ್ದರು? ಅಮ್ಮನಿಗೆ ಮಂಡಿನೋವು, ಬಸ್ಸು ಹತ್ತುವುದೇ ಕಷ್ಟ. ಇನ್ನೊಬ್ಬರು ‘ನಾನು ಮಾಡಿಸಿಕೊಡುತ್ತೇನೆ, ಬಂದಿದ್ದರಲ್ಲಿ ಕಾಲು ಭಾಗ ಕೊಡಿ’ ಎಂದರು. ನನಗೆ ಮನಸ್ಸು ಒಪ್ಪಲಿಲ್ಲ.

ಅರೇಬಿಕಾ ಕೊಯ್ಲು ಶುರುವಾಗಿದೆ. ವಾರ ವಾರ ಕೂಲಿ ಬಟವಾಡೆ ಆಗಬೇಕು. ಈ ಸಮಯದಲ್ಲಿ 25,000 ಅಂದರೆ ಅಮ್ಮನಿಗೆ ಚಿಕ್ಕ ಮೊತ್ತ ಅಲ್ಲ. ಈಗ ಯಾವುದು ಬೇಗ ಆಗುವ ದಾರಿ? ಇಷ್ಟು ತಡವಾಗಿದ್ದಕ್ಕೆ ಬಡ್ಡಿ ಸಿಗುತ್ತದಾ? ಬಿಟ್ಟರೆ ಹಣ ಹೋಗಿಬಿಡುತ್ತದಾ ಎಂಬ ಭಯವೂ ಇದೆ.

ವಿರಾಜಪೇಟೆ ನಿವೃತ್ತ ಬ್ಯಾಂಕ್ ನೌಕರ

ಮೇಡಂ, ಮೊದಲು ಆ ಕಾಲು ಭಾಗ ಕೇಳಿದವರಿಗೆ ಬೇಡ ಎಂದು ಹೇಳಿಬಿಡಿ. ಇದು ಯಾರದ್ದೋ ದಯೆಯಿಂದ ಬರುವ ಹಣ ಅಲ್ಲ. ನಿಮ್ಮ ತಾಯಿಯ ದುಡ್ಡು, ಕಾನೂನಿನ ಪ್ರಕಾರ ಅವರಿಗೇ ಸೇರಬೇಕು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಿಯಾದವನು. ಈಗ ನಮ್ಮ ಕಡೆಯ ವಯಸ್ಸಾದವರಿಗೆ ರಿಟರ್ನ್ ಹಾಕಿಕೊಡುತ್ತೇನೆ. ಇಂಥ ಕೇಸು ಪ್ರತಿ ವರ್ಷ ಬರುತ್ತದೆ, ಅದರಲ್ಲೂ ಹೆಂಗಸರದ್ದೇ ಜಾಸ್ತಿ.

ನಿಮ್ಮ ವಿಷಯದಲ್ಲಿ ದೊಡ್ಡ ಕೆಲಸ ಮುಗಿದಿದೆ. ತೆರಿಗೆ ಇಲಾಖೆಯ ಬೆಂಗಳೂರಿನ ಸಿಪಿಸಿ (ರಿಟರ್ನ್ ಪರಿಶೀಲಿಸುವ ಕೇಂದ್ರ) ರಿಟರ್ನ್ ನೋಡಿ, 143(1) ಇಂಟಿಮೇಷನ್ ಕೊಟ್ಟು, ರೀಫಂಡ್ ಎಷ್ಟು ಎಂದು ತೀರ್ಮಾನ ಮಾಡಿದೆ. ಇನ್ನು ಉಳಿದಿರುವುದು ಸರಿಯಾದ ಖಾತೆ ತೋರಿಸುವುದು, ಅಷ್ಟೇ. ಹಾಗಾಗಿ ಇನ್ನೊಂದು ರಿಟರ್ನ್ ಹಾಕಬೇಡಿ, ರಿವೈಸ್ ಮಾಡಲೂ ಹೋಗಬೇಡಿ.

ಆ ಹಳೇ ಖಾತೆಯನ್ನು ಸದ್ಯಕ್ಕೆ ಬಿಡಿ. ತಾಯಿಗೆ ಕುಟುಂಬ ಪಿಂಚಣಿ ಬರುತ್ತದೆ ಎಂದಿರಿ. ಅದು ಯಾವ ಖಾತೆಗೆ ಬೀಳುತ್ತದೆ? ಬೇರೆ ಖಾತೆ ಆಗಿದ್ದರೆ ಅದರ ಪಾಸ್‌ಬುಕ್‌ನ ಮೊದಲ ಪುಟ ತೆಗೆದು ನೋಡಿ. ಪಿಂಚಣಿ ಖಾತೆ ಮಾಡಿಸುವಾಗ ಗಂಡನ ಪಿಂಚಣಿ ಕಾಗದದಲ್ಲಿದ್ದ ಹೆಸರನ್ನೇ ಬರೆಸುವುದು ರೂಢಿ. ಬಹುಶಃ ಅದು ಪ್ಯಾನ್‌ಗೆ ಹೊಂದುತ್ತದೆ.

ಹೊಂದಿದರೆ ಪೋರ್ಟಲ್‌ನಲ್ಲಿ ಲಾಗಿನ್ ಆಗಿ, ಪ್ರೊಫೈಲ್ ಒಳಗೆ ‘ಮೈ ಬ್ಯಾಂಕ್ ಅಕೌಂಟ್’ಗೆ ಹೋಗಿ ಆ ಖಾತೆ ಸೇರಿಸಿ. ಐಎಫ್‌ಎಸ್‌ಸಿಯನ್ನು (ಶಾಖೆಯ ಕೋಡ್) ಹಳೇ ಚೆಕ್ ಪುಸ್ತಕ ನೋಡಿ ಹಾಕಬೇಡಿ. 2019 ಮತ್ತು 2020ರಲ್ಲಿ ಬ್ಯಾಂಕುಗಳು ವಿಲೀನವಾದವಲ್ಲ, ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್, ಆಗ ನಮ್ಮ ಜಿಲ್ಲೆಯ ಎಷ್ಟೋ ಶಾಖೆಗಳ ಕೋಡ್ ಬದಲಾಗಿದೆ. ಈಗಿನ ಪಾಸ್‌ಬುಕ್ ನೋಡಿ, ಇಲ್ಲವೇ ಶಾಖೆಗೆ ಫೋನ್ ಮಾಡಿ ಕೇಳಿ. ಖಾತೆಯ ಮುಂದೆ ‘ವ್ಯಾಲಿಡೇಟೆಡ್’ ಎಂದು ಬರುವ ತನಕ ಕಾಯಿರಿ. ಆಮೇಲೆ ಅಲ್ಲೇ ‘ನಾಮಿನೇಟ್ ಫಾರ್ ರೀಫಂಡ್’ ಗುಂಡಿಯನ್ನು ಆನ್ ಮಾಡಿ. ತುಂಬಾ ಜನ ಇಲ್ಲಿಗೇ ಬಿಟ್ಟು ಹಣಕ್ಕೆ ಕಾಯುತ್ತಾ ಕೂರುತ್ತಾರೆ. ಸಾಲದು. ‘ಸರ್ವಿಸಸ್’ ಒಳಗೆ ‘ರೀಫಂಡ್ ರೀಇಶ್ಯೂ’ ಅಂತಿದೆ. ಅಲ್ಲಿ 2024-25ರ ಅಸೆಸ್‌ಮೆಂಟ್ ವರ್ಷ (2023-24ರ ಆದಾಯಕ್ಕೆ ಇದೇ) ಆರಿಸಿ, ಹೊಸ ಖಾತೆ ಗುರುತು ಮಾಡಿ, ಒಟಿಪಿ ಕೊಟ್ಟು ಕಳಿಸಬೇಕು. ತಾಯಿ ಇನ್ನೊಮ್ಮೆ ಬಾಣೆ ಹತ್ತಬೇಕಾಗುತ್ತದೆ, ಅಥವಾ ಆ ದಿನ ಅವರನ್ನು ನಿಮ್ಮ ಮನೆಗೇ ಕರೆಸಿಕೊಳ್ಳಿ.

ಪಿಂಚಣಿಯೂ ಅದೇ ಹಳೇ ಖಾತೆಗೆ ಬರುತ್ತಿದ್ದರೆ ಹೆಸರು ತಿದ್ದಿಸಲೇಬೇಕು. ಅದಕ್ಕೂ ದಾರಿ ಇದೆ. 70 ವರ್ಷ ದಾಟಿದವರಿಗೆ ಮನೆ ಬಾಗಿಲಿಗೇ ಬಂದು ಮೂಲಭೂತ ಸೇವೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2017ರ ನವೆಂಬರ್‌ನಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಕೆವೈಸಿ (ಗುರುತಿನ) ಕಾಗದ ತೆಗೆದುಕೊಳ್ಳುವುದೂ ಅದರಲ್ಲಿ ಸೇರಿದೆ. ಬಾಯಲ್ಲಿ ಹೇಳಬೇಡಿ. ಮ್ಯಾನೇಜರ್ ಹೆಸರಿಗೆ ಅರ್ಜಿ ಬರೆದು, ತಾಯಿಯ ವಯಸ್ಸು ನಮೂದಿಸಿ, ಆಧಾರ್ ಮತ್ತು ಪ್ಯಾನ್ ಪ್ರತಿ ಇಟ್ಟು ಕೊಡಿ. ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಎರಡೂ ಹೆಸರು ಒಬ್ಬರದ್ದೇ ಎಂದು ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ ಜೊತೆಗಿಟ್ಟರೆ ಶಾಖೆಯವರಿಗೂ ಧೈರ್ಯ ಬರುತ್ತದೆ. ಕೌಂಟರ್‌ನ ಈಚೆ ನಿಂತಾಗ ಇದು ಸುಮ್ನೆ ಸತಾಯಿಸುವುದು ಎನ್ನಿಸುತ್ತದೆ. ಆಚೆ ಕೂತವರಿಗೆ, ಕಾಗದ ಇಲ್ಲದೆ ಹೆಸರು ಬದಲಿಸಿದರೆ ನಾಳೆ ಯಾರು ಉತ್ತರ ಕೊಡುವುದು ಎಂಬ ಹೆದರಿಕೆ ಇರುತ್ತದೆ. ಕೈಗೆ ಕಾಗದ ಕೊಡಿ, ಕೆಲಸ ಮುಂದೆ ಹೋಗುತ್ತದೆ.

ಬಡ್ಡಿ ವಿಷಯ. ನಿಮಗೆ ಬಡ್ಡಿ ಈಗಾಗಲೇ ಸೇರಿಸಿದ್ದಾರೆ. ಆದಾಯ ತೆರಿಗೆ ಕಾಯ್ದೆಯ 244ಎ ಪ್ರಕಾರ ತಿಂಗಳಿಗೆ ಶೇಕಡ ಅರ್ಧ. 24,600ಕ್ಕೆ ತಿಂಗಳಿಗೆ 123 ರೂಪಾಯಿ. ಗಡುವಿನೊಳಗೆ ರಿಟರ್ನ್ ಹಾಕಿದ್ದರಿಂದ 2024ರ ಏಪ್ರಿಲ್ 1ರಿಂದ ಲೆಕ್ಕ. ಫೆಬ್ರವರಿವರೆಗೆ 11 ತಿಂಗಳು, 1,353 ರೂಪಾಯಿ. ಒಟ್ಟು 25,953, ಹತ್ತಕ್ಕೆ ಸರಿಹೊಂದಿಸಿ 25,950. ಸರಿಯಾಗಿದೆ. ಆದರೆ ತೆರಿಗೆದಾರರ ಕಡೆಯಿಂದ ಆದ ತಡಕ್ಕೆ ಕಾನೂನು ಬಡ್ಡಿ ಕೊಡುವುದಿಲ್ಲ. ಖಾತೆ ಹೊಂದದೆ ನಿಂತ ಫೆಬ್ರವರಿ ಆಚೆಗಿನ ತಿಂಗಳುಗಳಿಗೆ ಆಸೆ ಇಟ್ಟುಕೊಳ್ಳಬೇಡಿ. ಅದಕ್ಕೇ ಬೇಗ ಮಾಡಿ ಎನ್ನುತ್ತಿದ್ದೇನೆ. ಇಂಟಿಮೇಷನ್‌ನಲ್ಲಿ ತೀರ್ಮಾನ ಆಗಿರುವ ಹಣ ತಾಯಿಯದ್ದೇ, ಆ ಭಯ ಬೇಡ.

ಸಿದ್ದಾಪುರ ರೋಬಸ್ಟಾ

ಮೇಲೆ ಸರ್ ಹೇಳಿದ್ದು ಸರಿ. ಇದನ್ನು ಓದುವ ಬೇರೆ ಬೆಳೆಗಾರರಿಗಾಗಿ ಒಂದು ಮಾತು ಸೇರಿಸುತ್ತೇನೆ.

ನಮ್ಮ ಚಿಕ್ಕಪ್ಪನ ರೀಫಂಡ್ ನಿಂತಿದ್ದು ಖಾತೆಯಿಂದ ಅಲ್ಲ, ಫಾರಂನಿಂದ. ರಿಟರ್ನ್ ಹಾಕಿಕೊಟ್ಟವರು ಐಟಿಆರ್-1 ಎಂಬ ಸರಳ ಫಾರಂನಲ್ಲಿ ಹಾಕಿದ್ದರು. ಕೃಷಿ ಆದಾಯ ವರ್ಷಕ್ಕೆ 5,000 ರೂಪಾಯಿ ದಾಟಿದರೆ ಐಟಿಆರ್-1 ಹಾಕುವಂತಿಲ್ಲ. ಕಾಫಿ ತೋಟ ಇರುವವರಲ್ಲಿ ಯಾರಿಗೆ 5,000 ದಾಟುವುದಿಲ್ಲ ಹೇಳಿ? ರಿಟರ್ನ್‌ನಲ್ಲಿ ದೋಷ ಇದೆ ಎಂದು 139(9) ನೋಟಿಸು ಬಂತು. ಉತ್ತರ ಕೊಡಲು 15 ದಿನ. ನೋಟಿಸು ಹೋಗಿದ್ದು ಹಾಕಿಕೊಟ್ಟವರ ಇಮೇಲ್‌ಗೆ, ಚಿಕ್ಕಪ್ಪನಿಗೆ ಗೊತ್ತೇ ಆಗಲಿಲ್ಲ. ಆದ್ದರಿಂದ ಪ್ರೊಫೈಲ್‌ನಲ್ಲಿ ನಿಮ್ಮದೇ ಮನೆಯವರ ಇಮೇಲ್, ಮೊಬೈಲ್ ಇರಲಿ.

ಕಾಫಿ ಹಣ್ಣು ಅಥವಾ ಒಣಗಿಸಿದ ಚೆರ್ರಿಯನ್ನು ಹಾಗೇ ಮಾರಿದರೆ ಪೂರ್ತಿ ಕೃಷಿ ಆದಾಯ. ಬೆಳೆದವರೇ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹದ ಮಾಡುವುದು) ಮಾಡಿಸಿ ಮಾರಿದರೆ ಆದಾಯದ ಶೇಕಡ 25 ಭಾಗಕ್ಕೆ ತೆರಿಗೆ ಲೆಕ್ಕ ಬರುತ್ತದೆ. ಹುರಿದು ಪುಡಿ ಮಾಡಿ ಮಾರುವವರಿಗೆ ಶೇಕಡ 40. ಈಗ ಮನೆಯಲ್ಲೇ ಪುಡಿ ಮಾಡಿ ಪ್ಯಾಕೆಟ್ ಮಾರುವವರು ಜಾಸ್ತಿಯಾಗಿದ್ದಾರೆ, ಅವರು ಇದನ್ನು ಗಮನಿಸಬೇಕು.

ಪೊನ್ನಂಪೇಟೆ ಮಾಜಿ ಸೈನಿಕ

ಮೇಡಂ, ರೀಇಶ್ಯೂ ಹಾಕುವ ಮೊದಲು ‘ಪೆಂಡಿಂಗ್ ಆಕ್ಷನ್ಸ್’ ಒಳಗೆ ತಾಯಿಯ ಹೆಸರಿನಲ್ಲಿ ಹಳೇ ಬಾಕಿ ಏನಾದರೂ ತೋರಿಸುತ್ತಿದೆಯಾ ನೋಡಿಬಿಡಿ. ನನ್ನ ರೀಫಂಡ್ ಹಾಗೆ ನಿಂತಿತ್ತು. ಎಷ್ಟೋ ವರ್ಷದ ಹಿಂದಿನ ತೆರಿಗೆ ಬಾಕಿಗೆ ಈ ರೀಫಂಡನ್ನು 245ನೇ ಸೆಕ್ಷನ್ನಿನಡಿ ಹೊಂದಿಸುತ್ತೇವೆ ಎಂದು ಬಂದಿತ್ತು. ಆ ವರ್ಷ ತೆರಿಗೆ ಮುರಿದ ಕಾಗದ ನನ್ನ ಟ್ರಂಕ್‌ನಲ್ಲೇ ಇತ್ತು. ‘ಒಪ್ಪುವುದಿಲ್ಲ’ ಎಂದು ಉತ್ತರ ಕೊಟ್ಟು ಅದನ್ನು ಲಗತ್ತಿಸಿದೆ, ಬಿಟ್ಟರು. ಸುಮ್ಮನಿದ್ದರೆ ಒಪ್ಪಿದ ಹಾಗೆ ಆಗುತ್ತದೆ. 2009-10ರವರೆಗಿನ 25,000 ತನಕದ ಬಾಕಿ, 2010-11ರಿಂದ 2014-15ರವರೆಗಿನ 10,000 ತನಕದ ಬಾಕಿ ಕೈಬಿಡುವುದಾಗಿ 2024ರ ಮಧ್ಯಂತರ ಬಜೆಟ್‌ನಲ್ಲಿ ಹೇಳಿದ್ದಾರೆ. ಅದನ್ನೂ ನೆನಪಿಡಿ.

ಇನ್ನೊಂದು. ‘ನಿಮ್ಮ ರೀಫಂಡ್ ಮಂಜೂರಾಗಿದೆ, ಈ ಲಿಂಕ್ ಒತ್ತಿ’ ಎಂದು ಮೆಸೇಜ್ ಬರುತ್ತದೆ. ತಾಯಿಗೆ ಖಂಡಿತ ಹೇಳಿಡಿ, ಒತ್ತಬಾರದು. ರೀಫಂಡ್ ಕೊಡಲು ಯಾರೂ ಫೋನ್ ಮಾಡಿ ಎಟಿಎಂ ಕಾರ್ಡ್ ನಂಬರ್ ಕೇಳುವುದಿಲ್ಲ.

ಮಾದಾಪುರದ ಮಗಳು

ಎಲ್ಲರಿಗೂ ತುಂಬಾ ಧನ್ಯವಾದ. ಭಾನುವಾರ ಅಮ್ಮನ ಹತ್ತಿರ ಹೋಗಿದ್ದೆ. ಪಿಂಚಣಿ ಖಾತೆ ಬೇರೆಯೇ ಇದೆ, ಸೋಮವಾರಪೇಟೆ ಶಾಖೆಯಲ್ಲಿ. ಪಾಸ್‌ಬುಕ್‌ನಲ್ಲಿ ನಮ್ಮ ಮನೆಹೆಸರು ಪೂರ್ತಿ ಇದೆ, ಪ್ಯಾನ್‌ನಲ್ಲಿ ಇದ್ದ ಹಾಗೇ. ಪೋರ್ಟಲ್‌ಗೆ ಸೇರಿಸಿದೆ, ನಿನ್ನೆ ‘ವ್ಯಾಲಿಡೇಟೆಡ್’ ಎಂದು ಬಂತು. ಹಳೇ ಬಾಕಿ ಏನೂ ಇಲ್ಲ. ಇವತ್ತು ರೀಇಶ್ಯೂ ಕೋರಿಕೆ ಹಾಕಿದೆ, ಸ್ವೀಕರಿಸಿದ ನಂಬರ್ ಬಂದಿದೆ. ಐಟಿಆರ್-2ರಲ್ಲೇ ಹಾಕಿದ್ದೆವು, ಆ ಚಿಂತೆಯೂ ಇಲ್ಲ.

ವಿರಾಜಪೇಟೆ ಸರ್, ಎರಡು ಪ್ರಶ್ನೆ. ಮತ್ತೆ ಹಣ ಬರದಿದ್ದರೆ ಎಲ್ಲಿ ಕೇಳಬೇಕು? ಮುಂದಿನ ವರ್ಷ ಟಿಡಿಎಸ್ ಮುರಿಯದ ಹಾಗೆ ಮಾಡುವುದು ಹೇಗೆ? ಈ ಪಾಡು ಅಮ್ಮನಿಗೆ ಇನ್ನೊಮ್ಮೆ ಬೇಡ.

ವಿರಾಜಪೇಟೆ ನಿವೃತ್ತ ಬ್ಯಾಂಕ್ ನೌಕರ

ಓದಿ ಸಮಾಧಾನ ಆಯಿತು ಮೇಡಂ. ಕೆಲವು ವಾರ ನೋಡಿ. ಬರದಿದ್ದರೆ ಪೋರ್ಟಲ್‌ನಲ್ಲೇ ‘ಗ್ರೀವೆನ್ಸಸ್’ ಒಳಗೆ ದೂರು ಹಾಕಿ, ರೀಇಶ್ಯೂ ನಂಬರ್ ಮತ್ತು ಇಂಟಿಮೇಷನ್ ದಿನಾಂಕ ಬರೆಯಿರಿ. ಅದಕ್ಕೂ ಸರಿಯಾದ ಉತ್ತರ ಬರದಿದ್ದರೆ ಕೇಂದ್ರ ಸರ್ಕಾರದ ದೂರು ಪೋರ್ಟಲ್ ಸಿಪಿಗ್ರಾಮ್ಸ್‌ಗೆ ಹೋಗಿ. ದೂರಿನಲ್ಲಿ ಕಥೆ ಬೇಡ, ತಾರೀಖು, ಮೊತ್ತ, ನಂಬರ್ ಇದ್ದರೆ ಸಾಕು.

ಟಿಡಿಎಸ್ ಮುರಿಯಬೇಡಿ ಎನ್ನುವ ಆ ಫಾರಂ ಅನ್ನು ಏಪ್ರಿಲ್ ಮೊದಲ ವಾರದಲ್ಲೇ, ಎಫ್‌ಡಿ ಇರುವ ಪ್ರತಿ ಬ್ಯಾಂಕಿಗೂ ಕೊಡಿ. ಒಂದು ಬ್ಯಾಂಕಿಗೆ ಕೊಟ್ಟಿದ್ದು ಇನ್ನೊಂದಕ್ಕೆ ನಡೆಯುವುದಿಲ್ಲ. ಸೀಲು ಹಾಕಿದ ಪ್ರತಿ ಕೈಯಲ್ಲಿರಲಿ. 2025ರ ಏಪ್ರಿಲ್‌ನಿಂದ ಹಿರಿಯ ನಾಗರಿಕರಿಗೆ ಬಡ್ಡಿ 1 ಲಕ್ಷ ದಾಟಿದರೆ ಮಾತ್ರ ಟಿಡಿಎಸ್. ಮೊದಲು 50,000 ಇತ್ತು. ನಿಮ್ಮ ತಾಯಿಯ ಬಡ್ಡಿ ಅದಕ್ಕಿಂತ ಜಾಸ್ತಿ, ಹಾಗಾಗಿ ಫಾರಂ ಕೊಡಲೇಬೇಕು. ಆಗಸ್ಟ್ ಹೊತ್ತಿಗೆ ಪೋರ್ಟಲ್‌ನಲ್ಲಿ ಟಿಡಿಎಸ್ ಪಟ್ಟಿ ತೆರೆದು ಮೊದಲ ಮೂರು ತಿಂಗಳಲ್ಲಿ ಏನಾದರೂ ಮುರಿದಿದ್ದಾರಾ ನೋಡಿ. ಮುರಿದಿದ್ದರೆ ಆಗಲೇ ಆ ಪ್ರತಿ ಹಿಡಿದು ಶಾಖೆಗೆ ಹೋಗಿ, ಮುಂದಿನದ್ದಾದರೂ ನಿಲ್ಲುತ್ತದೆ.

ಈಗ ಬರುವ ಹಣದಲ್ಲಿ ಆ 1,353 ರೂಪಾಯಿ ಬಡ್ಡಿ ಮುಂದಿನ ರಿಟರ್ನ್‌ನಲ್ಲಿ ಇತರೆ ಆದಾಯವಾಗಿ ತೋರಿಸಬೇಕು. 24,600 ತೋರಿಸಬೇಕಿಲ್ಲ. ಹಳೇ ಖಾತೆಯ ಹೆಸರು ತಿದ್ದಿಸುವ ಅರ್ಜಿಯನ್ನೂ ಕೊಯ್ಲು ಮುಗಿದ ಮೇಲೆ ಕೊಟ್ಟುಬಿಡಿ. ನಾಮಿನಿ ಹೆಸರು ಇದೆಯಾ ಎಂದೂ ಅದೇ ದಿನ ನೋಡಿಸಿ.