ಆಸ್ತಮಾ ಇಟ್ಕೊಂಡು ಮೋಡಿ ಲಿಪಿಯ ದಫ್ತರದ (ಹಳೇ ದಾಖಲೆ ಭಂಡಾರದ) ಕೆಲಸ ಮಾಡೋದು ಹೇಗೆ? (ಪುಣೆ)

ಕೋಥ್ರೂಡ್_ಕನ್ನಡಿಗ:
ಪೇಶ್ವೆ ಕಾಲದ ಕರ್ನಾಟಕ ಪ್ರಾಂತದ ಮೋಡಿ (ಮರಾಠಿಯ ಹಳೇ ಲಿಪಿ) ಕಾಗದಗಳ ಮೇಲೆ ನನ್ನ ಪಿಎಚ್‌ಡಿ. ಆಸ್ತಮಾ ಹಳೇದು, ದಿನಾ ಇನ್ಹೇಲರ್ ಇದೆ. ರುಮಾಲು (ಕಾಗದ ಕಟ್ಟಿಟ್ಟ ಬಟ್ಟೆಯ ಗಂಟು) ಬಿಚ್ಚಿದ ದಿನ ಸಂಜೆಗೆ ಎದೆ ಬಿಗಿಯುತ್ತೆ, ರಾತ್ರಿಯೆಲ್ಲ ಕೆಮ್ಮು. ವಿಷಯ ಬದಲಿಸಿ ಅಂತ ಸಲಹೆ ಬರ್ತಿದೆ, ಮನಸ್ಸಿಲ್ಲ. ಮಾಸ್ಕ್ ಸಾಕಾಗುತ್ತಾ? ಅವಧಿ ವಿಸ್ತರಣೆ ಸಿಗುತ್ತಾ?

ಕಾಗದದ_ಆರೈಕೆ:
ವಿಷಯ ಬಿಡೋ ಮೊದಲು ಧೂಳು ಯಾವಾಗ ಏಳುತ್ತೆ ಗಮನಿಸಿ. ಓದುವಾಗ ಏಳೋದು ಕಮ್ಮಿ. ಗಂಟು ಸಡಿಲಿಸಿ ಬಟ್ಟೆಯ ನಾಲ್ಕು ಮೂಲೆ ಹರಡ್ತೀರಲ್ಲ, ಆಗಲೇ ಜಾಸ್ತಿ. ಮಡಿಕೆಯಲ್ಲಿ ಕೂತಿರೋದು ಬರೀ ಮಣ್ಣಲ್ಲ; ಬೂಷ್ಟಿನ ಬೀಜಕಣ, ಹುಳದ ಹಿಕ್ಕೆ, ಪುಡಿಯಾದ ಕಾಗದ ಎಲ್ಲ ಸೇರಿರುತ್ತೆ. ಸಣ್ಣ ಕಣಗಳು ಗಂಟೆಗಟ್ಟಲೆ ಗಾಳಿಯಲ್ಲೇ ತೇಲ್ತವೆ. ಹಾಗಾಗಿ ರುಮಾಲನ್ನು ಬೇರೆ ಕೋಣೆಯಲ್ಲಿ, ಫ್ಯಾನ್ ಆರಿಸಿ, ಬಟ್ಟೆ ಒದರದೆ ಬಿಚ್ಚಿಸಿ, ಒಳಗಿನ ಕಟ್ಟು ಮಾತ್ರ ಮೇಜಿಗೆ ತರಿಸಿ. ಬಿಚ್ಚುವವರಿಗೂ ಮಾಸ್ಕ್ ಬೇಕು, ಅವರ ಶ್ವಾಸಕೋಶವೂ ಶ್ವಾಸಕೋಶವೇ. ಮೃದು ಕುಂಚದಿಂದ ಧೂಳನ್ನು ಹೆಪಾ (ಅತಿ ಸಣ್ಣ ಕಣವನ್ನೂ ಹಿಡಿಯೋ ಫಿಲ್ಟರ್) ವ್ಯಾಕ್ಯೂಮ್ ಬಾಯಿಯ ಕಡೆ ಸರಿಸೋದು ಸಂರಕ್ಷಣಾ ವಿಭಾಗದ ಕೆಲಸ, ಕೇಳಿ ಮಾಡಿಸ್ಕೊಳ್ಳಿ. ಮನೆಬಳಕೆಯ ವ್ಯಾಕ್ಯೂಮ್ ಬೇಡವೇ ಬೇಡ, ಅದು ಬೀಜಕಣಗಳನ್ನು ಹಿಂದಿನಿಂದ ಕೋಣೆಗೇ ಉಗುಳುತ್ತೆ.

ಮಾಸ್ಕ್ ಅಂದ್ರೆ ಎನ್95, ಪಟ್ಟಿ ಕಿವಿಗಲ್ಲ, ತಲೆ ಹಿಂದೆ ಹೋಗೋದು. ಗಡ್ಡ ಇದ್ದರೆ ಅಂಚಲ್ಲಿ ಗಾಳಿ ನುಗ್ಗುತ್ತೆ. ನ್ಯಾಫ್ತಲೀನ್ ವಾಸನೆ, ತಾಳೆಗರಿಗೆ ಹಚ್ಚೋ ಸಿಟ್ರೊನೆಲ್ಲಾ ಎಣ್ಣೆಯ ಆವಿ ಇವನ್ನು ಎನ್95 ತಡೆಯಲ್ಲ, ಅದಕ್ಕೆ ಇದ್ದಿಲಿನ ಕಾರ್ಟ್ರಿಜ್ ಇರೋ ಮುಖವಾಡವೇ ಬೇಕು.

ಏರ್ ಪ್ಯೂರಿಫೈಯರ್ ಕೊಳ್ಳೋ ಮುಂಚೆ ಲೆಕ್ಕ ಹಾಕಿ. ಗಂಟೆಗೆ 300 ಘನ ಮೀಟರ್ ಶುದ್ಧ ಗಾಳಿ ಕೊಡೋ ಯಂತ್ರ, 10 ಅಡಿ ಉದ್ದ, ಅಗಲ, ಎತ್ತರದ ಕೋಣೆಯ ಗಾಳಿಯನ್ನು ಗಂಟೆಗೆ ಹತ್ತು ಸಲ ಸೋಸುತ್ತೆ. 12×8 ಮೀಟರಿನ, 4 ಮೀಟರ್ ಎತ್ತರದ ಹಾಲ್‌ನಲ್ಲಿ ಅದೇ ಯಂತ್ರ ಗಂಟೆಗೆ ಒಂದು ಸಲವೂ ಪೂರ್ತಿ ಸೋಸಲ್ಲ. ದೊಡ್ಡ ಹಾಲ್‌ಗಿಂತ ಸಣ್ಣ ಕೋಣೆ ಕೇಳಿ ಪಡೆಯೋದೇ ಮೇಲು.

ತೇವಾಂಶ 65% ದಾಟಿದರೆ ಬೂಷ್ಟು ಬೆಳೆಯೋಕೆ ಶುರು. ಜುಲೈ, ಆಗಸ್ಟ್‌ನಲ್ಲಿ ಮನೆಯಲ್ಲಿ ಕೂತು ಲಿಪ್ಯಂತರ ಮಾಡಿ, ರುಮಾಲುಗಳನ್ನು ಬೇಸಿಗೆಗೆ ಇಟ್ಕೊಳ್ಳಿ. ಆದರೆ ಬೇಸಿಗೆ ಅಂತ ಮಾಸ್ಕ್ ತೆಗೀಬೇಡಿ, ಒಣಗಿ ಸತ್ತ ಬೂಷ್ಟೂ ಅಲರ್ಜಿ ಕೆರಳಿಸುತ್ತೆ.

ಉಸಿರಿನ_ಲೆಕ್ಕ:
ಮೇಲಿನದೆಲ್ಲ ಸರಿ, ಜೊತೆಗೆ ಪುರಾವೆಯೂ ಬೇಕು. ಪೀಕ್ ಫ್ಲೋ ಮೀಟರ್ (ಊದಿದ ಉಸಿರಿನ ವೇಗ ಅಳೆಯೋ ಸಣ್ಣ ಸಾಧನ) ತಗೊಳ್ಳಿ. ದಿನಕ್ಕೆ ನಾಲ್ಕು ಹೊತ್ತು, ಪ್ರತಿ ಹೊತ್ತೂ ಮೂರು ಸಲ ಊದಿ ದೊಡ್ಡ ಅಂಕಿ ಬರೆದಿಡಿ. ನಾಲ್ಕು ವಾರ, ರಜಾದಿನವೂ ಸೇರಿ. ದಫ್ತರಕ್ಕೆ ಹೋದ ದಿನ ಇಳಿದು ರಜೆಯಲ್ಲಿ ಏರಿದರೆ ಕಾರಣ ಕೆಲಸದ ಜಾಗವೇ ಇರಬಹುದು, ಆ ಪಟ್ಟಿ ಎದೆರೋಗ ತಜ್ಞರಿಗೆ ತೋರಿಸಿ. ಚೆನ್ನಾಗಿರುವಾಗಿನ ನಿಮ್ಮ ಗರಿಷ್ಠ ಅಂಕಿಯ 80%ಗಿಂತ ಕೆಳಗೆ ಬಂದರೆ ಎಚ್ಚರಿಕೆ. 50%ಗಿಂತ ಕೆಳಗೆ ಹೋದರೆ ರಿಲೀವರ್ (ತಕ್ಷಣ ಉಸಿರು ಸಲೀಸು ಮಾಡೋ ಇನ್ಹೇಲರ್) ತಗೊಂಡು ನೇರ ಆಸ್ಪತ್ರೆಗೆ. ಸ್ಟೀರಾಯ್ಡ್ ಇನ್ಹೇಲರನ್ನು ಆರಾಮಿದ್ದೀನಿ ಅಂತ ಬಿಡಬೇಡಿ, ತಗೊಂಡ ಮೇಲೆ ಬಾಯಿ ಮುಕ್ಕಳಿಸಿ.

ಧಾರವಾಡ_ಡೆಕ್ಕನ್:
ಅವಧಿಯ ವಿಷಯ: ಯುಜಿಸಿಯ 2022ರ ನಿಯಮದಂತೆ ಗರಿಷ್ಠ 6 ವರ್ಷ, ಮರುನೋಂದಣಿಯಿಂದ ಇನ್ನೂ 2. ಮಹಿಳೆಯರಿಗೆ, 40%ಗಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೆ 2. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಆಸ್ತಮಾ ಇಲ್ಲ, ಆ ದಾರಿ ನೆಚ್ಚಬೇಡಿ. ವೈದ್ಯರ ಪತ್ರಕ್ಕೆ ಪೀಕ್ ಫ್ಲೋ ಪಟ್ಟಿ ಲಗತ್ತಿಸಿ ಮೂರೇ ಬೇಡಿಕೆ ಇಡಿ: ಪ್ರತ್ಯೇಕ ಕೋಣೆ, ಬಿಚ್ಚಿಕೊಟ್ಟ ಕಟ್ಟು, ಫೋಟೋ ತೆಗೆಯಲು ಅನುಮತಿ. ಅನುಮತಿ ಸಿಕ್ಕರೆ ಇಡೀ ಕಟ್ಟನ್ನು ಒಂದೇ ಸಲಕ್ಕೆ ಫೋಟೋ ತೆಗೆದು ಮನೆಯಲ್ಲೇ ಓದಿ. ಕಾಗದದ ಹಿಂಬದಿಯ ಶೆರಾ (ಟಿಪ್ಪಣಿ), ಮೊಹರು ಬಿಟ್ಟುಹೋಗದಿರಲಿ. ಅವು ಬಿಟ್ಟುಹೋದರೆ ಮತ್ತೆ ಅದೇ ರುಮಾಲು ಬಿಚ್ಚಿಸಬೇಕಾಗುತ್ತೆ.

ಇನ್ನೊಂದು, ಪೇಶ್ವೆ ದಫ್ತರದ ಆಯ್ದ ಕಾಗದಗಳು ಇತಿಹಾಸಕಾರ ಜಿ.ಎಸ್. ಸರದೇಸಾಯಿಯವರ ಸಂಪಾದನೆಯಲ್ಲಿ 45 ಸಂಪುಟಗಳಾಗಿ 1930ರ ದಶಕದಲ್ಲೇ ದೇವನಾಗರಿಯಲ್ಲಿ ಅಚ್ಚಾಗಿವೆ. ಮೊದಲು ಅವನ್ನು ಜಾಲಾಡಿ. ಅಲ್ಲಿ ಸಿಗದ ಕಾಗದಕ್ಕೆ ಮಾತ್ರ ರುಮಾಲು ಕೇಳಿ.