ಮನೆಯಲ್ಲೇ ಕಲಿಸುವಾಗ ಎಂಥ ಪ್ರಶ್ನೆ ಕೇಳಬೇಕು? ಪಠ್ಯಕ್ರಮ ರೂಪಿಸುವ ಶಿಕ್ಷಕಿಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಒಬ್ಬ ತಾಯಿ): ನಮಸ್ತೆ ಮೇಡಂ. ಒಂಬತ್ತು ವರ್ಷದ ಮಗಳಿಗೆ ಮನೆಯಲ್ಲೇ ಕಲಿಸುತ್ತಿದ್ದೇವೆ. ಪಾಠ ಮುಗಿದ ಮೇಲೆ ಏನು ಕೇಳಿದರೂ ಪಟಪಟ ಅಂತ ಹೇಳುತ್ತಾಳೆ. ಅದನ್ನೇ ಸ್ವಲ್ಪ ತಿರುಗಿಸಿ ಕೇಳಿದರೆ “ಇದು ಪುಸ್ತಕದಲ್ಲಿ ಇಲ್ವಲ್ಲ” ಎಂದು ಸುಮ್ಮನಾಗುತ್ತಾಳೆ. ಬ್ಲೂಮ್ ಎಂಬ ಶಿಕ್ಷಣ ತಜ್ಞರ, ನೆನಪಿನಿಂದ ಹೊಸದು ಕಟ್ಟುವ ತನಕದ ಕಲಿಕೆಯ ಆರು ಹಂತಗಳ ಪಟ್ಟಿ ನೋಡಿ, ಪ್ರತಿ ಪಾಠಕ್ಕೂ ಹಂತಕ್ಕೊಂದರಂತೆ ಆರು ಪ್ರಶ್ನೆ ಬರೆಯಲು ಶುರು ಮಾಡಿದೆ. ಅವಳಿಗೂ ಬೇಜಾರು, ನನಗೂ ಸುಸ್ತು. ಆರೂ ಹಂತ ಬೇಕೇ ಬೇಕಾ?

ಉತ್ತರ: ಬೇಡಮ್ಮ. ಬೆಂಜಮಿನ್ ಬ್ಲೂಮ್ ಮತ್ತು ಜೊತೆಗಾರರು 1956ರಲ್ಲಿ ಈ ಹಂತಗಳನ್ನು ಪ್ರಕಟಿಸಿದ್ದು ಕಲಿಕೆಯ ಗುರಿಗಳನ್ನೂ ಪರೀಕ್ಷೆಯ ಪ್ರಶ್ನೆಗಳನ್ನೂ ವಿಂಗಡಿಸಲು. ದಿನದ ಪಾಠಕ್ಕೆ ವೇಳಾಪಟ್ಟಿ ಆಗಲಿ ಅಂತ ಅಲ್ಲ. 2001ರಲ್ಲಿ ಆಂಡರ್ಸನ್ ಮತ್ತು ಕ್ರಾಥ್‌ವೋಲ್ ಅದನ್ನು ತಿದ್ದಿದರು. ನೆನಪಿಡು, ಅರ್ಥ ಮಾಡಿಕೋ, ಬಳಸು, ಬಿಡಿಸಿ ನೋಡು, ತೂಗಿ ನೋಡು, ಹೊಸದು ಕಟ್ಟು ಎಂದು ಇವತ್ತು ಎಲ್ಲ ಕಡೆ ಸಿಗುವ ಪಟ್ಟಿ ಅದೇ.

ನಾನು ಮುಖ್ಯ ಅಂದುಕೊಂಡಿರುವುದು ಬೇರೆ ಒಂದಿದೆ. ಪ್ರಶ್ನೆ ಯಾವ ಹಂತದ್ದು ಅನ್ನೋದು ಅದರ ಮಾತಿನಲ್ಲಿ ಇರುವುದಿಲ್ಲ. ಮಗುವಿಗೆ ಈಗಾಗಲೇ ಏನು ಹೇಳಿದ್ದೀರಿ ಅನ್ನೋದರ ಮೇಲೆ ನಿಂತಿರುತ್ತದೆ. “ಗಿಡಕ್ಕೆ ಬೆಳಕು ಯಾಕೆ ಬೇಕು?” ಕೇಳಲು ಯೋಚನೆಯ ಪ್ರಶ್ನೆಯಂತಿದೆ. ಆದರೆ ಉತ್ತರ ಹಿಂದಿನ ಪುಟದಲ್ಲೇ ಓದಿ ಆಗಿದ್ದರೆ ಅದು ಬರೀ ನೆನಪಿನ ಪ್ರಶ್ನೆ. ನಿಮ್ಮ ಮಗಳು ಪಟಪಟ ಹೇಳುತ್ತಿರುವುದು ಬಹುಶಃ ಇಂಥವನ್ನೇ.

ಹೀಗೆ ಮಾಡಿ ನೋಡಿ. ಎರಡು ಲೋಟದಲ್ಲಿ ಒದ್ದೆ ಹತ್ತಿ ಹಾಕಿ, ಒಂದೇ ಜಾತಿಯ ಕಾಳು ಇಡಿ. ಒಂದು ಕಿಟಕಿ ಹತ್ತಿರ ಇರಲಿ, ಇನ್ನೊಂದು ಕತ್ತಲೆ ಕಪಾಟಿನಲ್ಲಿ. ಹತ್ತಿ ಒಣಗದಂತೆ ನೋಡಿಕೊಳ್ಳಿ. ಒಂದು ವಾರ, ಹತ್ತು ದಿನದಲ್ಲಿ ಕತ್ತಲೆಯ ಸಸಿಯೇ ಉದ್ದ ಬೆಳೆದಿರುತ್ತದೆ! ಆದರೆ ಬಿಳಿಚಿಕೊಂಡು, ತೆಳ್ಳಗೆ, ಎಲೆ ಸರಿಯಾಗಿ ಬಿಡಿಸಿರುವುದಿಲ್ಲ. ಈಗ ಕೇಳಿ: “ಉದ್ದ ಬೆಳೆದಿದೆ ಅಂದ್ಮೇಲೆ ಕತ್ತಲೆಯೇ ಒಳ್ಳೆಯದು ಅಲ್ವಾ?” ಮಗು ಮೊದಲು ಹೌದು ಅನ್ನಬಹುದು. ತಿದ್ದಬೇಡಿ. “ಚೆನ್ನಾಗಿ ಬೆಳೆದಿದೆ ಅನ್ನೋಕೆ ಏನೇನು ನೋಡಬೇಕು?” ಎಂದು ಮಾತು ಮುಂದುವರಿಸಿ. ಬಣ್ಣ, ದಂಟಿನ ದಪ್ಪ, ಎಲೆ ಎಲ್ಲ ಒಂದೊಂದಾಗಿ ಹೊರಬರುತ್ತವೆ. ಕೊನೆಗೆ, “ಸಸಿ ಯಾಕೆ ಅಷ್ಟು ಉದ್ದಕ್ಕೆ ಹೋಗಿರಬಹುದು?” ಬೆಳಕು ಸಿಗುವ ತನಕ ಕಾಳಿನಲ್ಲಿ ಕೂಡಿಟ್ಟ ಆಹಾರವನ್ನೆಲ್ಲ ಮೇಲಕ್ಕೆ ಚಾಚುವುದಕ್ಕೇ ಸುರಿಯುತ್ತದೆ. ಇಷ್ಟನ್ನು ಮಗು ತಾನೇ ಊಹಿಸಿದರೆ ಆ ಖುಷಿಯೇ ಬೇರೆ. ಆರು ಹಂತದಲ್ಲಿ ನಾಲ್ಕಾದರೂ ಇಲ್ಲಿ ಬಂದುಹೋದವು. ಯಾವುದನ್ನೂ ಪಟ್ಟಿ ನೋಡಿ ಕೇಳಲಿಲ್ಲ.

ಪ್ರಶ್ನೆ (ಒಬ್ಬ ತಂದೆ): ಹಾಗಾದರೆ ಮಗ್ಗಿ, ಕಾಗುಣಿತ, ಇಸವಿ ಕೇಳುವುದನ್ನೆಲ್ಲ ಬಿಟ್ಟುಬಿಡಬೇಕಾ ಮೇಡಂ?

ಉತ್ತರ: ದಯವಿಟ್ಟು ಬಿಡಬೇಡಿ ಸರ್. ನೆನಪಿನ ಪ್ರಶ್ನೆಯನ್ನು ಕೀಳಾಗಿ ನೋಡುವುದು ಈಗ ಜಾಸ್ತಿಯಾಗಿದೆ, ಅದು ನನಗೆ ಬೇಸರದ ಸಂಗತಿ. ತಲೆಯಲ್ಲಿ ಏನೂ ಇಲ್ಲದೆ ಯಾವುದನ್ನು ತೂಗಿ ನೋಡುವುದು? ಕಲಿತದ್ದನ್ನು ಪುಸ್ತಕ ಮುಚ್ಚಿ ನೆನಪಿಸಿಕೊಂಡರೆ ಅದು ಇನ್ನೂ ಗಟ್ಟಿಯಾಗುತ್ತದೆ. ಮಗ್ಗಿ ಬಾಯಿಗೆ ಬಂದ ಮಗುವಿಗೆ ಲೆಕ್ಕದ ನಡುವೆ ಯೋಚಿಸಲು ಜಾಗ ಸಿಗುತ್ತದೆ. ಅಲ್ಲಿಗೇ ನಿಲ್ಲಬಾರದು, ಅಷ್ಟೇ.

ಗಣಿತದಲ್ಲಿ ನನಗೆ ತುಂಬ ಇಷ್ಟವಾದ ದಾರಿ ತಪ್ಪು ಉತ್ತರವನ್ನೇ ಮುಂದಿಡುವುದು. “1/8 ಅನ್ನೋದು 1/4ಕ್ಕಿಂತ ದೊಡ್ಡದು ಅಂತ ಒಬ್ಬ ಹುಡುಗ ಬರೆದಿದ್ದಾನೆ. ಅವನಿಗೆ ಯಾಕೆ ಹಾಗೆ ಅನಿಸಿರಬಹುದು?” 8 ಎನ್ನುವುದು 4ಕ್ಕಿಂತ ದೊಡ್ಡದಲ್ಲವಾ, ಅದಕ್ಕೇ ಎಂದು ಮಗು ಹಿಡಿಯುತ್ತದೆ. “ಹಾಗಾದರೆ ಅವನಿಗೆ ಹೇಗೆ ತಿಳಿಸಿ ಹೇಳ್ತೀಯ?” ಎಂದರೆ ಚಿತ್ರ ಬರೆಯಲು ಕೂರುತ್ತದೆ.

ಪ್ರಶ್ನೆ (ಮೊದಲ ತಾಯಿ): ಇಂಥ ಪ್ರಶ್ನೆ ಕೇಳಿದಾಗ ಅವಳು ಸುಮ್ಮನಿರುತ್ತಾಳೆ. ನನಗೆ ತಡೆಯಲಾಗದೆ ಸುಳಿವು ಕೊಟ್ಟುಬಿಡುತ್ತೇನೆ.

ಉತ್ತರ: ಶಿಕ್ಷಕರಲ್ಲೂ ಇದು ಇದ್ದದ್ದೇ. ಮೇರಿ ಬಡ್ ರೋ ಎಂಬ ಸಂಶೋಧಕಿ ತರಗತಿಗಳನ್ನು ಗಮನಿಸಿ 1970ರ ದಶಕದಲ್ಲಿ ತೋರಿಸಿದ್ದು ಇದನ್ನೇ: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೋ ಇನ್ನೂ ಸ್ವಲ್ಪ ಹೆಚ್ಚಿಗೋ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, “ಗೊತ್ತಿಲ್ಲ” ಅನ್ನುವುದು ಕಡಿಮೆಯಾಯಿತು. ಮಗು ಉತ್ತರ ಹೇಳಿದ ಮೇಲೂ ಕಾಯಿರಿ. ತಕ್ಷಣ “ಸರಿ” ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಸುಮ್ನೆ ನೋಡುತ್ತಿದ್ದರೆ “ಯಾಕಂದ್ರೆ...” ಎಂದು ತಾನೇ ಮುಂದುವರಿಸುತ್ತದೆ. ಬರೆದೋ ಚಿತ್ರ ಬಿಡಿಸಿಯೋ ಉತ್ತರಿಸಲು ಇಷ್ಟವಿದ್ದರೆ ಬಿಡಿ. ಮಾತಾಡಿಯೇ ಹೇಳಬೇಕೆಂದೇನೂ ಇಲ್ಲ.

ಪ್ರಶ್ನೆ (ಇನ್ನೊಬ್ಬ ತಾಯಿ): ನನ್ನ ಮಗನಿಗೆ ಐದು ವರ್ಷ. ಮೇಲಿನ ಹಂತದ ಪ್ರಶ್ನೆಗಳು ದೊಡ್ಡವನಾದ ಮೇಲೆ ಅಲ್ವಾ?

ಉತ್ತರ: ಈಗಲೇ ಕೇಳಿ. ಗುಂಡಿಗಳ ರಾಶಿ ಕೊಟ್ಟು “ಗುಂಪು ಮಾಡು” ಅನ್ನಿ. ಬಣ್ಣ ನೋಡಿ ಮಾಡಿದರೆ, “ಇನ್ನೊಂದು ಥರ ಮಾಡೋಕಾಗುತ್ತಾ?” ಅಂತ ಕೇಳಿ. ಇದೂ ಬಿಡಿಸಿ ನೋಡುವ ಪ್ರಶ್ನೆಯೇ. ಕಥೆ ಓದುವಾಗ “ಅವನು ಮಾಡಿದ್ದು ಸರೀನಾ?” ಎಂದರೆ ತೂಗಿ ನೋಡುವ ಪ್ರಶ್ನೆ.

ಪ್ರಶ್ನೆ (ಮೊದಲ ತಾಯಿ): ಕೊನೆಯದಾಗಿ, ಪಾಠದ ಯೋಜನೆಯಲ್ಲಿ ಇದನ್ನೆಲ್ಲ ಹೇಗೆ ಬರೆದಿಡಲಿ?

ಉತ್ತರ: ಪಾಠಕ್ಕೆ ಆರು ಪ್ರಶ್ನೆ ಬರೆಯುವ ಬದಲು, ಎರಡು ಮೂರು ವಾರ ನಡೆಯುವ ಒಂದು ಘಟಕಕ್ಕೆ ಒಂದೇ ದೊಡ್ಡ ಪ್ರಶ್ನೆ ಬರೆಯಿರಿ. ಉತ್ತರ ಪುಸ್ತಕದಲ್ಲಿ ನೇರವಾಗಿ ಸಿಗಬಾರದು. ಅದನ್ನು ಬಿಡಿಸಲು ಮಗುವಿಗೆ ಏನೇನು ಗೊತ್ತಿರಬೇಕು ಎಂದು ಹಿಂದಕ್ಕೆ ಯೋಚಿಸಿದರೆ, ನೆನಪಿನ ಪ್ರಶ್ನೆಗಳು ತಾವಾಗಿಯೇ ಸಿಗುತ್ತವೆ. ಪಕ್ಕದಲ್ಲಿ ಒಂದು ಕಾಲಂ ಖಾಲಿ ಬಿಡಿ. ಮಗಳು ನಿಮ್ಮನ್ನು ಕೇಳಿದ ಪ್ರಶ್ನೆಗಳು ಅಲ್ಲಿಗೆ. ಮುಂದಿನ ಘಟಕದ ದೊಡ್ಡ ಪ್ರಶ್ನೆಯನ್ನು ಅವುಗಳಲ್ಲೇ ಹುಡುಕಿ.