ಓಲೋಫ್ ಪಾಲ್ಮೆ ಕೊಲೆ: ಎರಡೂ ಗುಂಡು ಸಿಕ್ಕರೂ ಕೇಸು ಯಾಕೆ ನಿಲ್ಲಲಿಲ್ಲ?

ಪ್ರಶ್ನೆ:
ಸ್ವೀಡನ್ ಪ್ರಧಾನಿ ಪಾಲ್ಮೆಯವರನ್ನು 1986ರ ಫೆಬ್ರವರಿ 28ರ ರಾತ್ರಿ 11.21ರ ಹೊತ್ತಿಗೆ ಸ್ಟಾಕ್‌ಹೋಮ್‌ನ ಬೀದಿಯಲ್ಲೇ ಗುಂಡಿಟ್ಟು ಕೊಂದರು. ಸಿನಿಮಾ ನೋಡಿ ಪತ್ನಿ ಲಿಸ್ಬೆತ್ ಜೊತೆ ನಡೆದೇ ಮನೆಗೆ ಹೊರಟಿದ್ದರು, ಅಂಗರಕ್ಷಕರು ಇರಲಿಲ್ಲ. ಪತ್ನಿ ಪಕ್ಕದಲ್ಲೇ ಇದ್ದರು, ಸುತ್ತ ಜನರಿದ್ದರು, ಗುಂಡುಗಳೂ ಸಿಕ್ಕವು. ಆದರೂ ಕೇಸು ಹಳ್ಳ ಹಿಡಿಯಿತಲ್ಲ, ತನಿಖೆ ಎಡವಿದ್ದು ಎಲ್ಲಿ? ಭಾರತಕ್ಕೆ ಫಿರಂಗಿ ಮಾರಿದ ಸ್ವೀಡನ್ ಕಂಪನಿ ಬೋಫೋರ್ಸ್‌ನ ನಂಟಿನ ಮಾತೂ ಕೇಳಿಬರುತ್ತದೆ, ಅದರಲ್ಲಿ ಹುರುಳಿದೆಯೇ?

ಉತ್ತರ 1:
ಮೊದಲ ಕೆಲವು ಗಂಟೆಗಳಲ್ಲೇ ಎಡವಿದ್ದು. ಕೊಲೆ ನಡೆದ, ಸ್ವೆಯಾವೇಗನ್ ರಸ್ತೆಗೆ ಟುನ್ನೆಲ್‌ಗಾಟನ್ ಬೀದಿ ಸೇರುವ ಮೂಲೆಯಲ್ಲಿ ಪೊಲೀಸರು ಸುತ್ತುಗಟ್ಟಿದ ಜಾಗ ತೀರಾ ಚಿಕ್ಕದು. ಗುಂಡು ದೇಹ ದಾಟಿ ಎಷ್ಟು ದೂರ ಹೋಗಿರಬಹುದು ಅನ್ನುವ ಲೆಕ್ಕವನ್ನೇ ಹಾಕಲಿಲ್ಲ. ಹೀಗಾಗಿ ಒಂದು ಗುಂಡು ಮಾರ್ಚ್ 1ರಂದು, ಇನ್ನೊಂದು 2ರಂದು ಸಿಕ್ಕಿತು. ಎರಡನ್ನೂ ಕಂಡವರು ಸಾರ್ವಜನಿಕರು, ಪೊಲೀಸರಲ್ಲ. ಅಷ್ಟರಲ್ಲಿ ಜನ ಅಲ್ಲೆಲ್ಲ ಓಡಾಡಿ ಹೂವಿಟ್ಟು ಹೋಗಿದ್ದರು. ಗುಂಡು ಬಿದ್ದಿದ್ದ ಜಾಗ ನಿಜಕ್ಕೂ ಅದೇನಾ, ಯಾರದಾದರೂ ಕಾಲು ತಾಗಿ ಸರಿದಿತ್ತಾ? ಇದು ಖಚಿತವಾಗದಿದ್ದರೆ ಗುಂಡು ಬಂದ ದಿಕ್ಕನ್ನು ಅದರಿಂದ ಲೆಕ್ಕ ಹಾಕಲಾಗದು.

ಕೊಲೆಗಾರ ಟುನ್ನೆಲ್‌ಗಾಟನ್‌ನ ಮೆಟ್ಟಿಲು ಹತ್ತಿ ಮೇಲಿನ ಬೀದಿಗೆ ಓಡಿದ. ದೇಶವ್ಯಾಪಿ ಎಚ್ಚರಿಕೆ ಹೊರಟಿದ್ದು ರಾತ್ರಿ 2 ಗಂಟೆ ದಾಟಿದ ಮೇಲೆ. ರಾಜಧಾನಿ ಬಿಟ್ಟು ಹೋಗಲು ಅಷ್ಟು ಸಮಯ ಧಾರಾಳ ಸಾಕು.

ಉತ್ತರ 2:
ಗುಂಡಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲೇ. ಅವು .357 ಮ್ಯಾಗ್ನಮ್ ಅನ್ನುವ ಬಲವಾದ ರಿವಾಲ್ವರ್ ಗುಂಡುಗಳು, ಲೋಹ ಸೀಳುವ ಬಗೆಯವು, ತೂಕ 158 ಗ್ರೇನ್, ಅಂದರೆ ಸುಮಾರು 10.2 ಗ್ರಾಂ. ಒಂದು ಪಾಲ್ಮೆಯವರ ಬೆನ್ನು ಹೊಕ್ಕಿತು, ಇನ್ನೊಂದು ಲಿಸ್ಬೆತ್ ಅವರ ಬೆನ್ನು ಸವರಿಕೊಂಡು ಹೋಯಿತು. ಸ್ಥಳದಲ್ಲಿ ಖಾಲಿ ತೋಟಾ ಬಿದ್ದಿರಲಿಲ್ಲ. ರಿವಾಲ್ವರ್ ಆದರೆ ತೋಟಾ ಒಳಗೇ ಉಳಿಯುತ್ತದೆ, ಹಾಗಾಗಿ ತೋಟಾದ ಹಿಂಬದಿಗೆ ಬಡಿಯುವ ಫೈರಿಂಗ್ ಪಿನ್ನಿನ ಗುರುತೂ ಇಲ್ಲ. ಉಳಿದದ್ದು ಗುಂಡಿನ ಮೈಮೇಲೆ ನಳಿಗೆ ಬಿಟ್ಟ ಗೀರುಗಳು ಮಾತ್ರ. ಅವನ್ನು ಹೋಲಿಸಲು ಬಂದೂಕು ಬೇಕು. ನೂರಾರು ರಿವಾಲ್ವರ್‌ಗಳಿಂದ ಗುಂಡು ಹಾರಿಸಿ ನೋಡಿದರೂ ತಾಳೆಯಾಗಲಿಲ್ಲ. ಈಗ ಆ ಬಂದೂಕೇ ಸಿಕ್ಕರೂ ಖಡಾಖಂಡಿತವಾಗಿ ಹೇಳುವುದು ಕಷ್ಟ, ಗುಂಡುಗಳು ಅಷ್ಟು ಜಖಂ ಆಗಿವೆ.

ಉತ್ತರ 3:
ಗುಂಡಿಗಿಂತ ಸಾಕ್ಷಿಯನ್ನು ಕೆಡಿಸಿದ್ದು ದೊಡ್ಡ ನಷ್ಟ. ಕೊಲೆಯ ಶಂಕೆ ಹೊತ್ತ ಕ್ರಿಸ್ಟರ್ ಪೆಟ್ಟೆರ್ಸನ್‌ನನ್ನು ವಿಡಿಯೋದಲ್ಲಿ ಇತರರ ನಡುವೆ ನಿಲ್ಲಿಸಿ ಲಿಸ್ಬೆತ್ ಅವರಿಗೆ ತೋರಿಸುವ ಮೊದಲೇ, ಶಂಕಿತನು ಕುಡುಕನೆನ್ನುವ ವಿಷಯ ಅವರ ಕಿವಿಗೆ ಬಿದ್ದಿತ್ತು. ಇಂಥ ಸುಳಿವು ಸಿಕ್ಕ ಮೇಲೆ ಸಾಕ್ಷಿ ಗುರುತಿಸುವುದು ಅಂದು ಕಂಡ ಮುಖವನ್ನೋ ಸಾಲಿನಲ್ಲಿ ಕುಡುಕನಂತೆ ಕಾಣುವವನನ್ನೋ, ಬೇರ್ಪಡಿಸಿ ಹೇಳಲಾಗದು. 1989ರ ಜುಲೈನಲ್ಲಿ ಕೆಳ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. ಗಮನಿಸಿ, ಪೀಠದಲ್ಲಿದ್ದ, ಕಾನೂನು ಓದದ ಆರು ಮಂದಿ ಸಾಮಾನ್ಯ ಸದಸ್ಯರು ದೋಷಿ ಅಂದರು, ಕಾನೂನು ಓದಿದ ಇಬ್ಬರು ನ್ಯಾಯಾಧೀಶರು ಒಪ್ಪಲಿಲ್ಲ. ಅದೇ ವರ್ಷ ಮೇಲ್ಮನವಿಯಲ್ಲಿ ಬಿಡುಗಡೆಯಾಯಿತು. ಆಯುಧವಿಲ್ಲ, ಉದ್ದೇಶವೂ ಸಾಬೀತಾಗಿಲ್ಲ ಅಂದಮೇಲೆ ಬೇರೆ ತೀರ್ಪು ಸಾಧ್ಯವಿರಲಿಲ್ಲ.

ಅದಕ್ಕೂ ಮುಂಚೆ ತನಿಖೆಯ ಮುಖ್ಯಸ್ಥ ಹಾನ್ಸ್ ಹೋಲ್ಮೆರ್ ಕುರ್ದಿಶ್ ಸಂಘಟನೆ ಪಿಕೆಕೆಯ ಬೆನ್ನು ಬಿದ್ದು ಮೊದಲ ವರ್ಷವನ್ನು ಬಹುಪಾಲು ಕಳೆದಿದ್ದರು.

ಪ್ರಶ್ನೆ ಕೇಳಿದವರು:
2020ರಲ್ಲಿ ಕೊಲೆಗಾರನ ಹೆಸರು ಹೇಳಿ ಕೇಸು ಮುಚ್ಚಿದರಲ್ಲ?

ಉತ್ತರ 2:
ಅಭಿಯೋಜಕರು ಆ ಜೂನ್ 10ರಂದು ಹೇಳಿದ್ದು ಸ್ಟಿಗ್ ಎಂಗ್‌ಸ್ಟ್ರೋಮ್ ಹೆಸರು. ಕೊಲೆಯಾದ ಜಾಗಕ್ಕೆ ಹತ್ತಿರದ ವಿಮಾ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಆತ ತಾನೇ ಸಾಕ್ಷಿಯೆಂದು ಮುಂದೆ ಬಂದಿದ್ದ. 2000ದಲ್ಲೇ ತೀರಿಹೋದ. ಸತ್ತವನ ಮೇಲೆ ವಿಚಾರಣೆ ನಡೆಯದು, ಆದ್ದರಿಂದ ಮುಚ್ಚಿದರು. ಅವನ ವಿರುದ್ಧ ಇದ್ದದ್ದೆಲ್ಲ ಸಾಂದರ್ಭಿಕ ಸಾಕ್ಷ್ಯ. ಅದನ್ನು ಸಾಬೀತಾದ ಅಪರಾಧ ಅನ್ನುವುದು ತಪ್ಪು.

ಬೋಫೋರ್ಸ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1986ರ ಮಾರ್ಚ್ 24ರಂದು. ದಿನಾಂಕಗಳು ಹತ್ತಿರವಿವೆ, ನಿಜ. ಕೊಲೆಗೂ ಅದಕ್ಕೂ ಕೊಂಡಿ ಹಾಕುವ ಪುರಾವೆ ಮಾತ್ರ ಯಾವ ನ್ಯಾಯಾಲಯದ ಮುಂದೂ ಬಂದಿಲ್ಲ.